ಬೆನ್ನಿಗೆ ಮಣ್ಣು

ಗರಡಿಯ ಕೆಂಪು ಮಣ್ಣಿನ ಎದುರು ಕ್ಯಾಮೆರಾ ನೆಟ್ಟು, ನಿರ್ದೇಶಕರು ಕ್ಯಾಮೆರಾಮನ್‌ಗೆ ಕಟ್ಟಪ್ಪಣೆ ಮಾಡಿದರು.

“ಇದು ಮಾಮೂಲಿ ಕುಸ್ತಿ ಸಿನಿಮಾ ಅಲ್ಲ, ಪ್ರಯೋಗ. ‘ಒಂದು’ ಅಂತ ಎಣಿಸಿದ ಕೂಡ್ಲೇ ಶುರು ಮಾಡು. ಬೆನ್ನಿಗೆ ಮಣ್ಣು ಹತ್ತಿದ ತಕ್ಷಣ ಕಟ್. ನಡುವೆ ಆಕಾಶ ಕಳಚಿ ಬಿದ್ರೂ ಕ್ಯಾಮೆರಾ ಅಲ್ಲಾಡಬಾರದು. ಎರಡನೇ ಟೇಕ್ ಅನ್ನೋದು ಹೇಡಿಗಳ ಕೆಲಸ.”

ಚಿತ್ರದಲ್ಲಿ ಸೋಲಬೇಕಾಗಿದ್ದ ಪೈಲ್ವಾನರು ಮೂವತ್ತು ವರ್ಷಗಳಿಂದ ಯಾರಿಗೂ ಸೋತವರಲ್ಲ.

“ನಾನು ಒಂದರಿಂದ ಎಣಿಸ್ತೀನಿ, ಏಳಕ್ಕೆ ಬಂದಾಗ ಅಂಗಾತ ಬೀಳಿ, ಅಷ್ಟೇ. ಇದು ಕುಸ್ತಿ ಅಲ್ಲ ಪೈಲ್ವಾನ್ರೇ, ನೃತ್ಯ ಇದ್ದ ಹಾಗೆ.”

“ಊರ ಮಂದಿ ನೋಡಾಕ ನಿಂತಾರ್ರೀ ಸಾಹೇಬ್ರ. ನನ್ನ ಬೆನ್ನಿಗೆ ಇವತ್ತಿನ ತನಕ ಮಣ್ಣು ಹತ್ತಿಲ್ಲ.”

“ಛೇ! ಕಲೆ ಅಂದ್ರೆ ಮೊದ್ಲು ಅಹಂಕಾರ ಬಿಡೋದು.”

“ಹೌದೇನ್ರಿ? ಆದ್ರ ಬೀಳೂದು ನನಗ ರೂಢಿ ಇಲ್ರಿ. ನೀವ ಒಮ್ಮೆ ಬಿದ್ದು ತೋರಿಸ್ರಿ.”

ನಿರ್ದೇಶಕರು ನಿಟ್ಟುಸಿರು ಬಿಟ್ಟು, ಬೂಟು ಕಳಚಿ, ಬಿಳಿ ಜುಬ್ಬಾದಲ್ಲೇ ಅಖಾಡಕ್ಕೆ ಇಳಿದರು. ಪೈಲ್ವಾನರು ಬಲು ವಿನಯದಿಂದ ಅವರ ಸೊಂಟ ಹಿಡಿದರು.

“ಸೋಲೋದಕ್ಕೂ ಒಂದು ಸೊಬಗು ಇರುತ್ತೆ, ಸರಿಯಾಗಿ ನೋಡ್ಕೊಳ್ಳಿ. ಒಂದು... ಎರಡು...”

ಎಣಿಕೆಗೊಂದು ಹೆಜ್ಜೆ ಹಾಕುತ್ತ ಹೋದ ನಿರ್ದೇಶಕರು ಏಳಕ್ಕೆ ಸರಿಯಾಗಿ ಅಂಗಾತ ಬಿದ್ದರು. ಎರಡೂ ಭುಜಗಳು ನೆಲ ಮುಟ್ಟಿದವು. ಪೈಲ್ವಾನರು ತೊಡೆ ತಟ್ಟಿದರು. ಊರ ಮಂದಿ ಶಿಳ್ಳೆ ಹೊಡೆದರು.

ಒಂದಿಷ್ಟೂ ಅಲ್ಲಾಡದೆ ನಿಂತಿದ್ದ ಕ್ಯಾಮೆರಾದ ಹಿಂದಿನಿಂದ ಕೂಗು ಬಂತು:

“ಕಟ್! ಬೆನ್ನಿಗೆ ಮಣ್ಣು ಹತ್ತಿತು ಸಾರ್. ಒಂದೇ ಟೇಕ್!”