ಭಾನುವಾರದ ಓಟ

"ಮೊಬೈಲ್ ಇಲ್ದೆ ಈ ವಾಚು ಕೆಲ್ಸ ಮಾಡುತ್ತಾ, ಇಲ್ವಾ? ಅದನ್ನ ಮೊದ್ಲು ಹೇಳಿ."

ವಾದಿರಾಜ ಗಾಜಿನ ಕೌಂಟರಿನ ಮೇಲೆ ಎರಡೂ ಕೈ ಊರಿ ಕೇಳಿದ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ವಾಚಿನಂಗಡಿ ಇಟ್ಟಿದ್ದ ಜ್ಞಾನೇಶನಿಗೆ ಈ ಪ್ರಶ್ನೆ ಬಾಯಿಪಾಠ. ಓಡುವವರ ಜಿಪಿಎಸ್ ವಾಚು ಕೊಳ್ಳಲು ಬಂದವರೆಲ್ಲ ಮೊದಲು ಕೇಳುವುದು ಇದನ್ನೇ. ಆದರೆ ವಾದಿರಾಜ ಕೊಳ್ಳಲು ಬಂದವನಲ್ಲ. ಅವನ ತಮ್ಮ ಲೋಹಿತ್, ಇದೇ ಅಂಗಡಿಯ ವಾಚು ಕಟ್ಟಿಕೊಂಡು ಭಾನುವಾರ ಬೆಳಿಗ್ಗೆ ಭದ್ರಾವತಿಯ ಮನೆಯಿಂದ ಓಡಲು ಹೋದವನು, ಆಮೇಲೆ ಪತ್ತೆಯೇ ಇರಲಿಲ್ಲ.

"ಓಡಿದ ದಾರಿ ಹಿಡಿಯೋಕೆ ಮೊಬೈಲ್ ಬೇಡ ಸಾರ್. ಎಲ್ಲಾ ವಾಚೇ ನೋಡ್ಕೊಳ್ಳುತ್ತೆ."

ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಲೋಹಿತನ ಹೆಂಡತಿ ಅಮೂಲ್ಯಾ ವೇಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಕಾಫಿ ಕಾಸಿಟ್ಟು ಮಧ್ಯಾಹ್ನದವರೆಗೂ ಕಾದೆ, ಬರಲೇ ಇಲ್ಲ ಎಂದು ಕೇಳಿದವರಿಗೆಲ್ಲ ಹೇಳಿ ಹೇಳಿ ಅವಳ ಗಂಟಲು ಬಿದ್ದುಹೋಗಿತ್ತು.

ಲೋಹಿತನ ಮೊಬೈಲ್ ಮಾತ್ರ ಸಿಕ್ಕಿತ್ತು. ಆಯನೂರು ದಾಟಿದ್ದ ಸಾಗರದ ಬಸ್ಸಿನಲ್ಲಿ, ಸೀಟಿನ ಸಂದಿಯಲ್ಲಿ. ಅಷ್ಟು ಸಾಕಾಯಿತು ಭದ್ರಾವತಿಗೆ. ಗಂಡಸು ಬೇರೆ ಮನೆ ಮಾಡಿದ್ದಾನೆ ಎಂದು ಬೀದಿಬೀದಿಯಲ್ಲಿ ತೀರ್ಪಾಯಿತು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದವರಲ್ಲಿ ಬೆಂಕಿ ಕಂಡವರು ಒಬ್ಬರೂ ಇರಲಿಲ್ಲ.

"ನನ್ ತಮ್ಮ ಹೇಳ್ದೆ ಕೇಳ್ದೆ ಹೋಗೋನಲ್ಲ," ಎಂದ ವಾದಿರಾಜ. "ಎಲ್ಲೋ ಬಿದ್ದಿದಾನೆ. ನೀರಿಗೆ ಬಿದ್ರೆ ವಾಚು ಹಾಳಾಗುತ್ತಾ?"

"ಇಲ್ಲ ಸಾರ್. ಈಜೋರೂ ಇದನ್ನೇ ಕಟ್ಕೊಳ್ತಾರೆ."

"ಚಾರ್ಜು?"

"ವಾರದ ಮೇಲೇ ಬರುತ್ತೆ."

ಅಮೂಲ್ಯಾ ಬಿಕ್ಕಿದಳು. ಪಾಪ, ಆಸೆ ಚಿಗುರಿತು ಎಂದುಕೊಂಡ ಜ್ಞಾನೇಶ. ಅವನಿಗೆ ಅವಳ ಗುರುತಿತ್ತು. ಹೋದ ತಿಂಗಳು ಗಂಡನ ಜೊತೆ ಬಂದಿದ್ದಳು. ಗೆಳೆಯನ ವಾಚು ಹತ್ತು ಕಿಲೋಮೀಟರ್ ತೋರಿಸಿದರೆ ತನ್ನದು ಕಡಿಮೆ ತೋರಿಸುವುದೇಕೆ ಎಂದು ಲೋಹಿತ್ ಇದೇ ಗಾಜಿಗೆ ಗುದ್ದಿ ಜಗಳವಾಡಿದ್ದ. "ಹೋಗ್ಲಿ ಬನ್ನಿ" ಎಂದ ಹೆಂಡತಿಯನ್ನು ಅವನು ಒಮ್ಮೆ ತಿರುಗಿ ನೋಡಿದ್ದ, ಅಷ್ಟೇ. ಆಮೇಲೆ ಅವಳು ತುಟಿ ಬಿಚ್ಚಿರಲಿಲ್ಲ. ಅಂಥವನಿಗಾಗಿ ಇಷ್ಟು ಅಳುತ್ತಾಳಲ್ಲ ಎಂದು ಜ್ಞಾನೇಶನಿಗೆ ಸಂಕಟವಾಯಿತು.

"ಓಡಿದ ದಾರಿಯೆಲ್ಲ ಬಂದು ಸೇರೋ ಅಕೌಂಟ್ ತೆಗೆದು ನೋಡೋಣ ಸಾರ್. ಪಾಸ್‌ವರ್ಡ್ ನಾನೇ ಇಟ್ಟಿದ್ದು."

ನಮ್ಮ ಕಡೆ ವಾಚು ಮಾರಿದರೆ ಸಾಲದು. ಅಕೌಂಟೂ ಅಂಗಡಿಯವನೇ ತೆರೆದುಕೊಡಬೇಕು, ಪಾಸ್‌ವರ್ಡೂ ಅವನೇ ಇಡಬೇಕು. ಆಮೇಲೆ ಅದನ್ನು ಬದಲಾಯಿಸುವ ಪುಣ್ಯಾತ್ಮರು ಯಾರೂ ಇಲ್ಲ. ಲೋಹಿತನೂ ಬದಲಾಯಿಸಿರಲಿಲ್ಲ.

ಕಂಪ್ಯೂಟರಿನ ಪರದೆ ನೋಡುತ್ತಿದ್ದ ಜ್ಞಾನೇಶನ ದನಿ ತಗ್ಗಿತು.

"ಭಾನುವಾರದ ಓಟ ಬಂದು ಕೂತಿದೆ ಸಾರ್."

"ಬಂದಿದೆ ಅಂದ್ರೆ?"

"ಈ ವಾಚು ವೈಫೈ ಸಿಕ್ಕಿದ್ ಕಡೆ ಓಟನ ತಾನೇ ಕಳ್ಸುತ್ತೆ. ಆದ್ರೆ ಸಿಕ್ಕಿದ್ ವೈಫೈ ಎಲ್ಲಾ ಹಿಡಿಯಲ್ಲ. ಮೊದ್ಲೇ ಸೇರ್ಸಿಟ್ಟಿರೋದೇ ಆಗ್ಬೇಕು." ಅವನು ತಡವರಿಸಿದ. "ಅಂದ್ರೆ... ಓಟ ಮುಗ್ಸಿ, ಹೋಗಿ ಬಂದು ಅಭ್ಯಾಸ ಇರೋ ಯಾವ್ದೋ ಮನೆಗೆ ಹೋಗಿದಾರೆ."

ಇಬ್ಬರು ಗಂಡಸರಿಗೂ ಅಮೂಲ್ಯಾಳ ಮುಖ ನೋಡುವ ಧೈರ್ಯ ಬರಲಿಲ್ಲ. ಊರವರು ಹೇಳಿದ್ದೇ ನಿಜವಾಯಿತಲ್ಲ ಎಂದುಕೊಂಡ ವಾದಿರಾಜ. ತಮ್ಮನ ಹೆಂಡತಿಯನ್ನೇ ಒಳಗೊಳಗೆ ದೂರುತ್ತಿದ್ದ ಅವನಿಗೆ ಈಗ ನಾಚಿಕೆಯಾಯಿತು.

"ಭಾವ, ಹೋಗೋಣ," ಎಂದಳು ಅಮೂಲ್ಯಾ. "ಅವ್ರು ಯಾರ ಮನೆಗೆ ಹೋಗಿದ್ರೂ ನಂಗದು ಬೇಡ. ಮುಚ್ಚೋಕೆ ಹೇಳಿ. ನಿಮ್ ಕಾಲಿಗೆ ಬೀಳ್ತೀನಿ."

"ನೀನು ಹೊರಗೆ ಹೋಗಿ ಗಾಳಿಗೆ ನಿಂತ್ಕೊಳಮ್ಮ. ಆ ಮನೆ ಯಾವ್ದು ಅಂತ ನಾನ್ ನೋಡ್ತೀನಿ. ನಿಂಗೆ ಅನ್ಯಾಯ ಆಗೋಕೆ ಬಿಡಲ್ಲ."

ಅವಳು ಏಳಲು ನೋಡಿದಳು. ಮತ್ತೆ ಸ್ಟೂಲನ್ನೇ ಹಿಡಿದು ಕೂತಳು.

ಜ್ಞಾನೇಶ ಪರದೆಯನ್ನು ವಾದಿರಾಜನ ಕಡೆ ತಿರುಗಿಸಿದ. ಕೆಂಪು ಗೆರೆ ಭದ್ರಾವತಿಯ ನ್ಯೂ ಟೌನ್ ದಾಟಿ ನಾಲೆಯ ಏರಿ ಹಿಡಿದಿತ್ತು. ಏರಿಯ ಮೇಲೆ ಬಹಳ ದೂರ ಹೋಗಿ, ಒಂದು ಸೇತುವೆಯ ಹತ್ತಿರ ತಿರುಗಿತ್ತು. ವಾದಿರಾಜ ಕಣ್ಣು ಕಿರಿದು ಮಾಡಿ ಗೆರೆಯ ಜೊತೆಗೇ ನಡೆದ. ಪೇಟೆ ಬಂತು, ಬೀದಿ ಬಂತು. "ದೊಡ್ಡದು ಮಾಡಿ," ಎಂದ. ಜ್ಞಾನೇಶ ಮಾಡಿದ. ಗೆರೆ ಮುಗಿದ ಮನೆ ಪರದೆಯ ನಡುವೆ ಬಂದು ನಿಂತಿತು.

ಅದು ಅಮೂಲ್ಯಾಳದೇ ಮನೆ. ಲೋಹಿತ್ ಭಾನುವಾರ ಓಡಿ ಮುಗಿಸಿ ನೇರ ಹೆಂಡತಿಯ ಹತ್ತಿರವೇ ಬಂದಿದ್ದ.