ಒಂಬತ್ತನೇ ನಂಬರಿನ ಮ್ಯಾನೇಜರ್

"ಏ ಡೆನಿಸ್! ನನ್ನ ಅಳಿಯ ಅಂತ ಮುಲಾಜು ನೋಡ್ಬೇಡ! ಮೊದ್ಲು ಆ ಒಂಬತ್ತನೇ ನಂಬರಿನವನ್ನ ಹೊರಗೆ ಹಾಕು!"

ಕಂಬಿಯಾಚೆಯಿಂದ ಕೂಗಿದವಳು ಮೇವಿಸ್. ಕೂಗಿಸಿಕೊಂಡವನು ಕ್ಲೆಗ್‌ಬರಿ ಟೌನ್ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಡೆನಿಸ್ ಬ್ರಿಗ್ಸ್. ಮೈದಾನದ ನಡುವೆ ಒಂಬತ್ತನೇ ನಂಬರಿನ ಅಂಗಿ ತೊಟ್ಟು ಏದುಸಿರು ಬಿಡುತ್ತಿದ್ದ ಅಳಿಯನೂ ಅದೇ ಡೆನಿಸ್ ಬ್ರಿಗ್ಸ್. ಹಳೆಯ ಮ್ಯಾನೇಜರ್ ಕ್ರಿಸ್‌ಮಸ್ ಹೊತ್ತಿಗೆ ಬಿಟ್ಟು ಹೋದಾಗ, ಹೊಸಬನನ್ನು ಸಾಕುವ ತಾಕತ್ತಿಲ್ಲದ ಕ್ಲಬ್ಬು ಗೋಲು ಹೊಡೆಯಲೆಂದೇ ಇದ್ದ ಸೆಂಟರ್ ಫಾರ್ವರ್ಡನ ತಲೆಗೇ ಮ್ಯಾನೇಜರನ ಟೋಪಿಯನ್ನೂ ಹಾಕಿತ್ತು. ಅಂದಿನಿಂದ ಡೆನಿಸ್ ತಂಡದ ಎಲ್ಲರನ್ನೂ ಒಂದಲ್ಲ ಒಂದು ಶನಿವಾರ ಆಟದ ನಡುವೆ ಹೊರಗೆ ಕರೆಸಿಕೊಂಡಿದ್ದ. ಗೋಲ್‌ಕೀಪರನನ್ನೂ ಬಿಟ್ಟಿರಲಿಲ್ಲ. ಬಿಟ್ಟದ್ದು ಒಬ್ಬನನ್ನೇ. ಆ ಒಬ್ಬ ಕ್ರಿಸ್‌ಮಸ್ಸಿನಿಂದ ಒಂದು ಗೋಲೂ ಹೊಡೆದಿರಲಿಲ್ಲ.

ಇವತ್ತು ಸೀಸನ್ನಿನ ಕೊನೆಯ ಆಟ. ಗೆದ್ದರೆ ಇದೇ ಲೀಗು. ಇಲ್ಲದಿದ್ದರೆ ಒಂದು ಮೆಟ್ಟಿಲು ಕೆಳಗೆ, ಜನಕ್ಕಿಂತ ಕುರಿಗಳೇ ಹೆಚ್ಚಾಗಿ ಆಟ ನೋಡುವ ಲೀಗು. ಸಮಯ ಮುಗಿಯುತ್ತ ಬಂದಿತ್ತು, ಎರಡೂ ಕಡೆ ಸೊನ್ನೆ. ಮೂವತ್ತೊಂಬತ್ತರ ಡೆನಿಸ್ ಇವತ್ತು ಹೊರಗೆ ಬಂದರೆ ಮತ್ತೆಂದೂ ಒಳಗೆ ಹೋಗುವ ಮಾತಿಲ್ಲ. ಇದು ಅವನ ಮಂಡಿಗಳಿಗೆ ಗೊತ್ತಿತ್ತು. ಮನಸ್ಸು ಮಾತ್ರ ಮಂಡಿಯೂರಲು ಒಪ್ಪಿರಲಿಲ್ಲ. ಹೋಗುವ ಮುಂಚೆ ಒಂದು ಗೋಲು ಬೇಕು, ಒಂದೇ ಒಂದು ಎಂದು ಹಟ ಹಿಡಿದು ಕೂತಿತ್ತು.

ಚೆಂಡು ಹೊರಗೆ ಹೋದಾಗ ಅವನು ಗೆರೆಯ ಹತ್ತಿರ ಓಡಿ ಬಂದ. ಓಟ ಅಂದದ್ದು ಅವನು. ನೋಡಿದವರು ನಡಿಗೆ ಎಂದೇ ತಿಳಿದರು. ಅಲ್ಲಿ ಸಹಾಯಕ ಅರ್ನಿ, ಹೊರಬರಬೇಕಾದವನ ನಂಬರು ತೋರಿಸುವ ಹಲಗೆ ಹಿಡಿದು ನಿಂತಿದ್ದ. ಪಕ್ಕದಲ್ಲಿ ಕಾಲಿನ್, ವಾರವೆಲ್ಲ ಊರಿಗೆ ಟಪಾಲು ಹಂಚಿ ಶನಿವಾರ ಚೆಂಡು ಒದೆಯುವವನು, ಮೈ ಬೆಚ್ಚಗಾಗಲೆಂದು ನಿಂತಲ್ಲೇ ಕುಣಿಯುತ್ತಿದ್ದ.

"ಕಾಲಿನ್‌ನ ಒಳಗೆ ಕಳಿಸೋಣ ಅರ್ನಿ. ಯಾರನ್ನ ತೆಗೀಲಿ? ಯಾರು ಸುಸ್ತಾಗಿದಾರೆ?"

"ಒಬ್ಬ ಇದಾನೆ. ಹೆಸ್ರು ಹೇಳಿದ್ರೆ ನನ್ನ ಕೆಲ್ಸ ಹೋಗುತ್ತೆ."

"ಮ್ಯಾನೇಜರ್ ಅಂತ ನೋಡ್ಬೇಡ. ಆಟಗಾರ ಅಂದ್ಕೊಂಡು ಹೇಳು."

"ಆಟಗಾರ ಆದ್ರೆ, ಬಾಯ್ಮುಚ್ಕೊಂಡು ಮ್ಯಾನೇಜರ್ ಹೇಳಿದ್ದು ಕೇಳು."

"ಸರಿ, ಮ್ಯಾನೇಜರ್ ಅಂದ್ಕೊಂಡೇ ಹೇಳು."

"ಆ ಆಟಗಾರನ ಮಾತು ಮಾತ್ರ ಕೇಳ್ಬೇಡ."

ಡೆನಿಸ್ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಸೀಟಿ ಕೇಳಿಸಿತು. ಇವರ ಮಾತಿನ ನಡುವೆಯೇ ಆಟ ಮತ್ತೆ ಶುರುವಾಗಿ, ಗೋಲಿನ ಮುಂದೆ ಎದುರಾಳಿಯೊಬ್ಬ ಕ್ಲೆಗ್‌ಬರಿ ಹುಡುಗನ ಕಾಲಿಗೆ ಕಾಲು ಕೊಟ್ಟು ಕೆಡವಿದ್ದ. ಪೆನಾಲ್ಟಿ!

ಈ ಸಲ ಡೆನಿಸ್ ನಿಜವಾಗಿಯೂ ಓಡಿದ. ಚೆಂಡನ್ನು ಕಂಕುಳಿಗೆ ಸೇರಿಸಿಕೊಂಡ. ಪೆನಾಲ್ಟಿ ಒದೆಯುವುದು ಅವನದೇ ಹಕ್ಕು. ಬೇಡಿದ ಗೋಲು ಬಾಗಿಲಿಗೇ ಬಂದಿತ್ತು, ಎದುರಿಗೆ ಕೀಪರನೊಬ್ಬನೇ. ಚೆಂಡನ್ನು ಬಿಳಿ ಚುಕ್ಕೆಯ ಮೇಲೆ ಇಟ್ಟ. ಹಿಂದಿನ ಪೆನಾಲ್ಟಿ ನೆನಪಾಯಿತು, ಚರ್ಚಿನ ಹೂದೋಟಕ್ಕೆ ಹೋಗಿತ್ತು. ಅದಕ್ಕೂ ಹಿಂದಿನದು ಕೀಪರನ ತೋಳಿನಲ್ಲಿ ತೊಟ್ಟಿಲ ಮಗುವಿನ ಹಾಗೆ ಮಲಗಿತ್ತು. ಅತ್ತ ಕಾಲಿನ್ ಅಭ್ಯಾಸದಲ್ಲಿ ಒಂದನ್ನೂ ತಪ್ಪಿಸಿದವನಲ್ಲ. ಕಾಗದವನ್ನು ಡಬ್ಬಿಯೊಳಗೆ ತಳ್ಳಿದಷ್ಟು ಸಲೀಸು ಅವನಿಗೆ.

ಕಂಬಿಯ ಕಡೆ ನೋಡಿದ. ಅತ್ತೆ ಸುಮ್ಮನಿದ್ದಳು. ಮದುವೆಯಾದಾಗಿನಿಂದ ಮೊದಲ ಬಾರಿ ಸುಮ್ಮನಿದ್ದಳು. ಕೈಯಲ್ಲಿದ್ದ ಮಾಂಸದ ಕಡುಬು ಬಾಯಿಯ ಹತ್ತಿರ ಬಂದು ನಿಂತೇಬಿಟ್ಟಿತ್ತು.

ಡೆನಿಸ್ ಎರಡೂ ಕೈ ಮೇಲೆತ್ತಿದ. ಹತ್ತು ಬೆರಳು. ಆಮೇಲೆ ಒಂದು ಹೆಬ್ಬೆರಳನ್ನು ನಿಧಾನವಾಗಿ ಮಡಚಿದ.

ಅರ್ನಿಗೆ ನಂಬಿಕೆಯಾಗಲಿಲ್ಲ. "ಖಂಡಿತಾನಾ?"

"ಹಲಗೆ ಎತ್ತು ಬೇಗ! ಆ ಆಟಗಾರ ಮನಸ್ಸು ಬದಲಾಯಿಸೋ ಮುಂಚೆ!" ಡೆನಿಸ್ ಕೂಗಿದ.

ಹಲಗೆಯ ಮೇಲೆ ಒಂಬತ್ತು ಎದ್ದಿತು. ಹೊರಬರುವ ಆಟಗಾರ ಮ್ಯಾನೇಜರನ ಕೈ ಕುಲುಕುವುದು ವಾಡಿಕೆ. ಸಿಟ್ಟಿದ್ದರೆ ಮುಖ ತಿರುಗಿಸಿಕೊಂಡು ಹೋಗುವುದು ಅದಕ್ಕಿಂತ ಹಳೆಯ ವಾಡಿಕೆ. ಡೆನಿಸ್ ಮುಖ ತಿರುಗಿಸಿಕೊಂಡೇ ಹೋದ. ಮೈದಾನಕ್ಕೆ ಬೆನ್ನು ಹಾಕಿ ಬೆಂಚಿನಲ್ಲಿ ಕೂತು ಬೂಟಿನ ದಾರದ ಜೊತೆ ಜಗಳಕ್ಕಿಳಿದ. ಬೆನ್ನ ಹಿಂದೆ ಒಂದು ಕ್ಷಣ ಇಡೀ ಊರು ಉಸಿರು ಬಿಗಿಹಿಡಿಯಿತು. ಆಮೇಲೆ ತಗಡಿನ ಮಾಡು ಹಾರಿಹೋಗುವಂತೆ ಕಿರುಚಿತು. ಟಪಾಲಿನವನು ಚೆಂಡನ್ನು ವಿಳಾಸ ತಪ್ಪದೆ ಮುಟ್ಟಿಸಿದ್ದ.

ಕೊನೆಯ ಸೀಟಿಯೂ ಆಯಿತು. ಜನ ಕಂಬಿ ಹಾರಿ ಒಳಗೆ ನುಗ್ಗಿದರು. ಮೇವಿಸ್ ಎಲ್ಲರಿಗಿಂತ ಮೊದಲು ಹಾರಿ ಕಾಲಿನ್‌ನ ಎರಡೂ ಕೆನ್ನೆಗೆ ಮುತ್ತಿನ ಮುದ್ರೆ ಒತ್ತಿದಳು. ಬೆಂಚಿನಲ್ಲಿ ಉಳಿದವರು ಇಬ್ಬರೇ.

"ನಾನೂ ಹೊಡೀತಿದ್ದೆ," ಎಂದ ಡೆನಿಸ್, ಕೈಕಟ್ಟಿಕೊಂಡು. "ಇವತ್ತು ಹೊಡೆದೇ ಹೊಡೀತಿದ್ದೆ. ನನ್ನನ್ನ ತೆಗ್ದಿದಾನಲ್ಲ, ಈ ಮ್ಯಾನೇಜರ್‌ಗೆ ಆಟದ ಗಂಧಗಾಳಿ ಇದ್ಯಾ?"

"ಮೆಲ್ಲಗೆ ಮಾತಾಡೋ," ಎಂದ ಅರ್ನಿ. "ಅವ್ನಿಗೇನಾದ್ರೂ ಕೇಳಿಸ್ತೋ, ಮುಂದಿನ ಸೀಸನ್ ಟೀಮಲ್ಲಿ ಇರಲ್ಲ ನೀನು."

ಡೆನಿಸ್ ಬಿಚ್ಚಿದ ಬೂಟುಗಳನ್ನು ಒಂದಕ್ಕೊಂದು ಬಡಿದು ಮಣ್ಣು ಉದುರಿಸಿದ.

"ಇರಲ್ಲ," ಎಂದ ಮ್ಯಾನೇಜರ್.