ಮೆಶೀನು ಒಪ್ಪಿದ ಗಾಡಿ

ಕೊಪ್ಪ ಬಸ್‌ಸ್ಟ್ಯಾಂಡಿನ ಪಾರ್ಕಿಂಗಿನಲ್ಲಿ ಸುಬ್ಬಯ್ಯ ತನ್ನದೇ ಜೀಪಿನ ಎದುರು ನಿಂತು, ಅದನ್ನು ಕೊಡು ಮಾರಾಯ್ತಿ ಎಂದು ಪಾರ್ಕಿಂಗ್ ಕಾಯುವ ಭೈರಮ್ಮನ ಹತ್ತಿರ ಗೋಗರೆಯುತ್ತಿದ್ದ. ಶಿವಮೊಗ್ಗದ ಆಸ್ಪತ್ರೆಯಿಂದ ಬಿಡಿಸಿಕೊಂಡು ಬಂದ ಹೆಂಡತಿ ರಾಧಮ್ಮ, ಹೊಟ್ಟೆಯ ಹೊಲಿಗೆ ಒತ್ತಿ ಹಿಡಿದುಕೊಂಡು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಅವರ ಊರು ಬಸರೀಕಟ್ಟೆಗೆ ಇನ್ನು ಬಸ್ಸೆಂದರೆ ಕತ್ತಲಾದ ಮೇಲೆಯೇ.

ತಕರಾರು ಚೀಟಿಯದು. ಬಸರೀಕಟ್ಟೆಯವರ ಪದ್ಧತಿಯೇ ಹಾಗೆ. ಬೆಳಿಗ್ಗೆ ಊರು ಬಿಟ್ಟವನು ಜೀಪು ತಂದು ನಿಲ್ಲಿಸಿ ಬಸ್ಸು ಹತ್ತುತ್ತಾನೆ, ಸಂಜೆ ಬಸ್ಸಿಳಿದವನು ಅದನ್ನು ಓಡಿಸಿಕೊಂಡು ಹೋಗುತ್ತಾನೆ. ಕೀ ಭೈರಮ್ಮನ ಗೋಡೆಯ ಮೊಳೆಯಲ್ಲಿರುತ್ತದೆ. ಹನ್ನೊಂದು ವರ್ಷದಲ್ಲಿ ಅವಳು ಒಂದು ಗಾಡಿಯನ್ನೂ ತಪ್ಪಿ ಕೊಟ್ಟವಳಲ್ಲ. ಈಗ ಪಾರ್ಕಿಂಗಿನ ಗುತ್ತಿಗೆದಾರ ರಘುಪತಿ ಚೀಟಿ ಕೊಡುವ ಮೆಶೀನು ತಂದಿದ್ದ. ಇವತ್ತು ಮಧ್ಯಾಹ್ನ ಜೀಪು ತಂದ ಪಕ್ಕದ ಮನೆಯ ಶಶಿಕಿರಣ, ಪುಣ್ಯಾತ್ಮ, ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಮಂಗಳೂರಿಗೆ ಹೋಗಿಬಿಟ್ಟಿದ್ದ. ಫೋನ್ ಮಾಡಿದರೆ ಘಾಟಿಯಲ್ಲಿ ಸಿಗ್ನಲ್ ಇಲ್ಲ.

"ಜೀಪು ನಿಮ್ಮದೇ ಅಂತ ನಂಗೆ ಗೊತ್ತು ಅಯ್ಯಾ. ಮೆಶೀನಿಗೆ ಗೊತ್ತಿಲ್ಲವಲ್ಲ," ಎಂದಳು ಭೈರಮ್ಮ. ಚೀಟಿಯಿಲ್ಲದೆ ಒಂದು ಗಾಡಿ, ನನ್ನದೇ ಆಗಲಿ, ಹೊರಗೆ ಹೋದರೂ ನಾಳೆಯಿಂದ ಬರಬೇಡ ಎಂದಿದ್ದ ರಘುಪತಿ. ಈ ಕೆಲಸ ಹೋದರೆ ಅವಳ ಮನೆಯಲ್ಲಿ ಒಲೆ ಉರಿಯುವುದಿಲ್ಲ. ರಾಧಮ್ಮನ ಬಿಳುಚಿದ ಮುಖ ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಅತ್ತ ದರಿ, ಇತ್ತ ಪುಲಿ.

ಏನೂ ತೋಚದೆ ಎಲೆಅಡಿಕೆ ಸಂಚಿ ಬಿಚ್ಚಿದಳು. ಅದರಲ್ಲಿ ಅಡಿಕೆಗಿಂತ ಚೀಟಿಯೇ ಜಾಸ್ತಿ ಇತ್ತು. ಎಲ್ಲಿ ಕಳೆದುಹೋಗುತ್ತೋ ಎಂದು ಹೆದರಿದವರೆಲ್ಲ ಅವಳ ಕೈಯಲ್ಲೇ ಕೊಟ್ಟು ಬಸ್ಸು ಹತ್ತುತ್ತಿದ್ದರು. ಒಂದೊಂದೇ ತಿರುವಿ ನೋಡಿ, ಒಂದನ್ನು ಆರಿಸಿ, ನಂಬರು ಒತ್ತಿದಳು. ಮೆಶೀನು ಕುಂಯ್ ಎಂದು ಒಪ್ಪಿತು.

"ಆ ಬಿಳಿ ವ್ಯಾನ್ ತಗೊಂಡು ಹೋಗಿ. ಅಮ್ಮನಿಗೆ ಜೀಪಿನ ಕುಲುಕಾಟ ಬೇಡ. ನಾಳೆ ತಂದು ಬಿಟ್ಟರಾಯ್ತು."

ಯಾರದ್ದೆಂದು ಸುಬ್ಬಯ್ಯ ಕೇಳಲು ಬಾಯಿ ತೆರೆದ. ಹೆಂಡತಿ ನರಳಿದ್ದು ಕೇಳಿ ಬಾಯಿ ಮುಚ್ಚಿಕೊಂಡು ಕೀ ತೆಗೆದುಕೊಂಡ.

ಏಳು ಗಂಟೆಗೆ ರಘುಪತಿ ಶೃಂಗೇರಿ ಬಸ್ಸಿಳಿದು ಬಂದ. ಮೆಶೀನು ಒತ್ತಿ ಒತ್ತಿ ನೋಡಿದ. ಹೊರಗೆ ಹೋದ ಗಾಡಿಗೂ ಚೀಟಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಉಬ್ಬಿಹೋದ. ಮನುಷ್ಯರ ನೆನಪು ನಂಬಿದ್ದರೆ ಲೆಕ್ಕ ಹೀಗೆ ಸರಿಹೋಗುತ್ತಿತ್ತಾ ಎಂದು ಅವಳಿಗೆ ಒಂದಿಷ್ಟು ಬುದ್ಧಿ ಹೇಳಿ, ಕೀ ತೆಗೆಯಲು ಮೊಳೆಗೆ ಕೈ ಹಾಕಿದ. ಬರೀ ಮೊಳೆ ಸಿಕ್ಕಿತು.

"ನನ್ನ ವ್ಯಾನ್ ಎಲ್ಲಿ ಭೈರಮ್ಮ?"

ಭೈರಮ್ಮ ಮೆಶೀನನ್ನು ಸೆರಗಿನಿಂದ ಒರೆಸಿ ಅವನ ಕೈಗೇ ಕೊಟ್ಟಳು.

"ಮೆಶೀನನ್ನೇ ಕೇಳಿ ಸಾರ್. ನನ್ನ ನೆನಪು ನಂಬಬೇಡಿ."